ಹೊಟ್ಟಿ ಬಿಟ್ಟ ಕಂಡಕಿ

ಹಣಮಂತ ಕತ್ತರಿಯ ಬಾಯಿ ಅಗಲಿಸಿಕೊಂಡು ಮಗ್ಗದ ಮೇಲೆ ಬಗ್ಗಿದಾಗ, ಶಿವಗಂಗವ್ವ ಗಂಡನ ಹೆಣದ ಮಗ್ಗುಲಿನಿಂದ ಎದ್ದು ಬಂದು ಅವನ ಮುಂಗೈ ಹಿಡಿದಳು.

"ಕೆಳಗ ಇಡು," ಅಂದಳು.

ಪಡಸಾಲೆ ತುಂಬ ಮಂದಿ. ರೇವಪ್ಪನನ್ನು ಗೋಡೆಗೆ ಒರಗಿಸಿ, ಗದ್ದಕ್ಕೊಂದು ಅರಿವೆ ಕಟ್ಟಿ ಕೂಡಿಸಿದ್ದರು. ಜ್ವರ ಬಂದು ಮಲಗಿದವ ಬೆಳಕು ಹರಿಯುವುದರೊಳಗೆ ಹೋಗಿಬಿಟ್ಟಿದ್ದ. ಅವನೆದುರಿಗೇ ಅವನ ಕುಣಿಮಗ್ಗ, ನೆಲದಲ್ಲಿ ಕಾಲು ಇಳಿಬಿಡಲು ತೋಡಿದ ಕುಣಿ, ಅದರ ಮೇಲೆ ಚಾಚಿದ ನೂಲಿನ ಹಾಸು, ಹಾಸಿನಲ್ಲಿ ಅರ್ಧಕ್ಕೆ ನಿಂತ ಒಂದು ಸೀರೆ. ಗಿಣಿ ಹಸಿರು ಒಡಲು, ಕೆಂಪು ದಡಿ. ಮದುವೆ ಸೀರೆ ಅದು.

ಹಣಮಂತ ಅವಳ ಭಾವ ಗಿರಿಮಲ್ಲಪ್ಪನ ಮಗ. ಬನಹಟ್ಟಿಯಲ್ಲಿ ಡೇರೆ ಹೊಡೆದ ಟಾಕೀಜಿನಲ್ಲಿ ಕೆಲಸ ಅವನಿಗೆ. ಟಾಂಗಾದಲ್ಲಿ ಕೂತು, ತಗಡಿನ ತುತೂರಿ ಬಾಯಿಗಿಟ್ಟು, ಇವತ್ತಿನ ಆಟ ಯಾವುದು, ನಾಯಕಿ ಎಷ್ಟು ಅಳುತ್ತಾಳೆ ಎಂಬುದನ್ನೆಲ್ಲ ರಬಕವಿಯಿಂದ ಚಿಮ್ಮಡದವರೆಗೆ ಸಾರಿಕೊಂಡು ಬರುವುದು. ಮುಂಜಾನೆಯಿಂದ ಅದೇ ದನಿಯಲ್ಲಿ ಬಂದವರಿಗೆಲ್ಲ ಕಾಕಾ-ಚಿಗವ್ವನ ಕತೆ ಹೇಳುತ್ತಿದ್ದ. ಕಾಕಾ ಇವಳನ್ನು ಮೊದಲು ನೋಡಿದ್ದು ಚಿಕ್ಕಪಡಸಲಗಿಯ ಹೊಳೆದಂಡೆಯಲ್ಲಂತೆ, ಕೊಡ ಕೈಜಾರಿ ತೇಲಿಹೋದಾಗ ಈಸಿ ತಂದುಕೊಟ್ಟನಂತೆ. ರೇವಪ್ಪನಿಗೆ ಈಜು ಬರುತ್ತಿರಲಿಲ್ಲ. ಹೆಣ್ಣು ನೋಡಲು ಬಂದ ದಿನ ಅವಲಕ್ಕಿ ತಿಂದು, ನೀರು ಕುಡಿದು, ನೆಲ ನೋಡುತ್ತ ಕೂತು ಹೋಗಿದ್ದ, ಅಷ್ಟೆ. ಆದರೆ ಕೇಳಿದ ಹೆಂಗಸರು ಕಣ್ಣೊರೆಸಿಕೊಂಡರು.

"ಚಿಗವ್ವಾ, ನಾ ಏನ ಕೆಟ್ಟದ್ದ ಮಾಡಾಕತ್ತೇನಿ?" ಅಂದ ಹಣಮಂತ. "ಕಾಕಾ ಅರ್ಧಾ ನೇದಿಟ್ಟ ಹ್ವಾದ ಸೀರಿ ಇದು. ಕೊಯ್ದು ಅವನ ಮೈಮ್ಯಾಲೆ ಹೊಚ್ಚಿ ಕಳಸೋಣು. ಹೆಣದ ವಿಮಾನ ಪ್ಯಾಟ್ಯಾಗ ಹೊಂಟಾಗ ನೋಡಿದಾವ್ರ ಎದಿ ಒಡೀಬೇಕು."

"ಸೀರಿ ಉಡೂದಕ್ಕ ಐತಿ. ಹೂಳೂದಕ್ಕಲ್ಲ."

ಹೆಂಗಸರ ನಡುವೆ ಗುಜುಗುಜು ಎದ್ದಿತು. ಆಗ ಬಾಗಿಲ ಹತ್ತಿರ ನಿಂತಿದ್ದ ಗಿರಿಮಲ್ಲಪ್ಪ ಮುಂದೆ ಬಂದ.

"ಹುಡುಗ ಹೇಳೂದು ಬರೋಬರಿ ಐತಿ. ಹೆಂಗೂ ಅರ್ಧಕ್ಕ ನಿಂತದ್ದು, ಮುಗಸಾವ್ರ ಯಾರು? ಕೊಯ್ದ ತಗದ್ರ ಮಗ್ಗ ಖಾಲಿ ಆಕ್ಕೈತಿ. ನಾ ನಮ್ಮನಿಗೆ ಒಯ್ದು ಹೂಡ್ತೀನಿ. ನಿನ್ನ ಹೊಟ್ಟಿ ಬಟ್ಟಿಗೆ ನಾವ ಅದೀವಲ್ಲಾ."

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ತಮ್ಮನ ಹೆಂಡತಿ ಉಪವಾಸ ಬೀಳಬಾರದು ಎಂಬ ಕಾಳಜಿಯೇ ಅದು. ಆದರೂ ಶಿವಗಂಗವ್ವನಿಗೆ ಮುಂದಿನದು ಕಣ್ಣಿಗೆ ಕಟ್ಟಿತು. ಸೀರೆ ಕೊಯ್ದರೆ ಮಗ್ಗ ಹೋಯಿತು. ಮಗ್ಗ ಹೋದರೆ ತಾನು ಭಾವನ ಮನೆಯ ಹಿತ್ತಲ ಕೋಣೆಯಲ್ಲಿ ರಾಟಿ ತಿರುಗಿಸುತ್ತ, ಓರಗಿತ್ತಿ ತಂಗೆವ್ವ ಬಡಿಸಿದಾಗ ಉಣ್ಣುತ್ತ ಕೂರಬೇಕು, ಇದ್ದಷ್ಟು ದಿನ. ಹಡೆದ ಎರಡು ಕೂಸೂ ಉಳಿದಿರಲಿಲ್ಲ. ಅವಳದು ಅಂತ ಇದ್ದದ್ದು ಆ ಕುಣಿಯೊಂದೇ.

ತಡೆಯಬೇಕೆಂದರೆ ಒಂದು ಮಾತು ಸಾಕಿತ್ತು. ಆದರೆ ಅದು ಗೋಡೆಗೆ ಒರಗಿ ಕೂತವನ ಮಾನದ ಮಾತು.

"ಈಗ ಬ್ಯಾಡ್ರಿ ಭಾವಾರ," ಅಂದಳು. "ಮೊದಲ ಅವರ ಜಳಕಾ ಆಗ್ಲಿ."

*

ಸಂಸ್ಥಾನಗಳು ಮುಳುಗಿ ಮುಂಬಯಿ ಸರಕಾರ ಬಂದ ಹೊಸದರಲ್ಲಿ ಬನಹಟ್ಟಿಗೆ ಟಾಕೀಜಿನ ಡೇರೆ ಬಂದಿತು. ಓಣಿಯ ಹೆಂಗಸರು ಬುತ್ತಿ ಕಟ್ಟಿಕೊಂಡು, ಮೊದಲ ಆಟಕ್ಕೆ ಹೋಗಿ ಉಸುಕಿನ ಮೇಲೆ ಕೂರುತ್ತಿದ್ದರು. ಶಿವಗಂಗವ್ವ ಎಲ್ಲರಿಗಿಂತ ಮುಂದೆ. ಮಾತು ಹಿಂದಿ, ಅರ್ಧ ತಿಳಿಯುತ್ತಿತ್ತು. ಅಳು ಮಾತ್ರ ಪೂರಾ ತಿಳಿಯುತ್ತಿತ್ತು. ಕುದುರೆ ಮೇಲೆ ಬರುವ ಚೆಲುವ, ಕೆರೆಯ ಕಟ್ಟೆ, ಚಂದ್ರನನ್ನು ತಂದು ನಿನ್ನ ಮುಡಿಗಿಡುತ್ತೇನೆ ಎಂಬ ಮಾತು. ಒಂದು ಆಟದಲ್ಲಂತೂ ಆ ಚೆಲುವನ ಕಣ್ಣು ಹೋಗಿಬಿಡುತ್ತವೆ. ನಾಯಕಿ ಅವನ ಎದೆಯ ಮೇಲೆ ಬಿದ್ದು ಹಾಡುತ್ತಾಳೆ, ಅವಳ ಕಣ್ಣೀರಿನ ಹನಿ ಅವನ ಕಣ್ಣಿಗೆ ಬೀಳುತ್ತದೆ, ಕಣ್ಣು ಬರುತ್ತವೆ. ಡೇರೆಯಲ್ಲಿ ಇದ್ದವರೆಲ್ಲ ಚಪ್ಪಾಳೆ. ಶಿವಗಂಗವ್ವ ಸೆರಗು ಹಿಂಡುವಷ್ಟು ಅತ್ತಿದ್ದಳು.

ಮನೆಗೆ ಬಂದರೆ ರೇವಪ್ಪ ತಾನೇ ಬಡಿಸಿಕೊಂಡು ಉಂಡು, ತಾಟು ತೊಳೆದಿಟ್ಟು, ಅವಳ ಪಾಲಿನ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಬೆಚ್ಚಗಿಟ್ಟು ಮಲಗಿದ್ದ. ಅವಳು ಎಬ್ಬಿಸಿದಳು.

"ಏನ್ರಿ, ನಿಮಗ ನನ್ನ ಮ್ಯಾಲೆ ಪ್ರೀತಿ ಐತೇನ?"

ರೇವಪ್ಪ ಎದ್ದು ಕೂತ. ಅವಳ ಮುಖ ನೋಡಿದ. ಆಮೇಲೆ ಕೈಚಾಚಿ ಅವಳ ಹಣೆ ಮುಟ್ಟಿ ನೋಡಿದ.

"ಯಾಕ, ಜ್ವರಾ ಬಂದಾವೇನ?"

ಅವತ್ತು ಅವಳು ರೊಟ್ಟಿ ಮುಟ್ಟಲಿಲ್ಲ. ಇಂಥ ಗಂಡನ ಕೂಡ ಹೆಂಗ ಬಾಳೇ ಮಾಡಲಿ ಎಂದು ಗೋಡೆ ಕಡೆ ಹೊರಳಿ ಮಲಗಿದ್ದಳು.

ಅದಾಗಿ ವರ್ಷವೂ ತುಂಬಿರಲಿಲ್ಲ, ರೇವಪ್ಪನ ಕಣ್ಣಿಗೆ ಮಂಜು ಕವಿಯಿತು. ಹರಿದ ಎಳೆ ಕಾಣದೆ ಬಟ್ಟೆಯಲ್ಲಿ ಸಂದು ಬೀಳತೊಡಗಿದವು. ಮಿರಜಿನ ದವಾಖಾನೆಗೆ ಹೋಗಿ ತೋರಿಸಿ ಬಂದರು. ಒಂದು ಹೋಗೇಬಿಟ್ಟಿದೆ, ಇನ್ನೊಂದು ಇದ್ದಷ್ಟು ದಿನ ಅಂದರು. ಬರುವಾಗ ಮೋಟಾರಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಬೇಕಾದಷ್ಟು ಅತ್ತಳು. ಕಣ್ಣೇನೂ ಬರಲಿಲ್ಲ.

ಮರುದಿನ ಮುಂಜಾನೆ ರೇವಪ್ಪ ಕುಣಿಗೆ ಇಳಿಯಲಿಲ್ಲ. ಗೋಡೆ ಹಿಡಿದುಕೊಂಡು ಬಂದು, ಅವಳು ದಿನಾ ಕೂರುವ ಜಾಗದಲ್ಲಿ, ರಾಟಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

"ನೀ ಇಳಿ," ಅಂದ. "ನಿನ್ನ ಕಣ್ಣ ಛಲೋ ಅದಾವ. ಕಂಡಕಿ ಸುತ್ತಾಕ ನನಗ ಕೈ ಸಾಕು."

ಆ ಓಣಿಯಲ್ಲಿ ಮಗ್ಗಕ್ಕೆ ಗಂಡಸು, ರಾಟಿಗೆ ಹೆಂಗಸು. ಕಂಡಕಿ ಅಂದರೆ ಲಾಳಿಯೊಳಗೆ ಕೂರುವ ಬೆರಳುದ್ದದ ನೂಲಿನ ಸುರುಳಿ. ಅದನ್ನು ಹೆಂಡತಿ, ಅವ್ವ, ತಂಗಿ ಯಾರಾದರೂ ಸುತ್ತಿ ಕೊಡಬೇಕು, ಗಂಡಸು ನೇಯಬೇಕು. ಗಂಡಸು ರಾಟಿ ಮುಂದೆ ಕೂತನೆಂದರೆ ಮಕ್ಕಳು ಕೂಡ ಬಾಗಿಲಲ್ಲಿ ನಿಂತು ನಗುವಂಥ ಓಣಿ. ಶಿವಗಂಗವ್ವ ಕುಣಿಗೆ ಇಳಿಯುವ ಮೊದಲು ಹೋಗಿ ಬಾಗಿಲು ಹಾಕಿ ಅಗಳಿ ಸರಿಸಿದಳು.

"ಯಾಕ? ತಗದಿರಲಿ, ಗಾಳಿ ಬರತೈತಿ," ಅಂದ ರೇವಪ್ಪ.

"ಬ್ಯಾಡ್ರಿ. ಧೂಳ ಬರತೈತಿ."

ಧೂಳಿನ ಮಾತು ಸುಳ್ಳು. ಅವಳ ತಲೆಯೊಳಗೆ ಚೆಲುವ ಇನ್ನೂ ಕುದುರೆಯ ಮೇಲೇ ಇದ್ದ. ತನ್ನ ಗಂಡ ಹೆಂಗಸಿನ ಹಾಗೆ ನೂಲು ಸುತ್ತುವುದನ್ನು ಮಂದಿ ನೋಡುವುದು ಅವಳಿಗೆ ಆಗುತ್ತಿರಲಿಲ್ಲ. ಅವನು ಮತ್ತೆ ಕೇಳಲಿಲ್ಲ.

ಹಾಸಿನ ಒಂದೊಂದು ಎಳೆಯನ್ನೂ ಅವನು ಕಿವಿಯಿಂದಲೇ ಕಲಿಸಿದ. ಎಳೆ ಬಿಗಿಯುವ ಫಣಿಯ ಪೆಟ್ಟು ಮೆತ್ತಗಾದರೆ ಅಲ್ಲಿಂದಲೇ "ಇನ್ನಾ ಒಂದೀಟ ಬಿಗಿ" ಅನ್ನುವನು. ಅವಳೇನು ಸುಮ್ಮನೆ ಬಿಟ್ಟಳೇ? ಅವನು ಸುತ್ತಿದ ಕಂಡಕಿ ನಡುವೆ ಉಬ್ಬಿ, ಲಾಳಿಯಲ್ಲಿ ಸಿಕ್ಕಿಕೊಂಡು, ಓಡುವ ಲಾಳಿ ಹಾದಿಯಲ್ಲೇ ನಿಲ್ಲುತ್ತಿತ್ತು. "ಹೊಟ್ಟಿ ಬಿಡಬ್ಯಾಡ್ರಿ ಅದಕ್ಕ, ಎಷ್ಟ ಸಲಾ ಹೇಳ್ಬೇಕು," ಎಂದು ಕುಣಿಯಿಂದ ಒದರುವಳು. ಅವನು ತನ್ನ ಹೊಟ್ಟೆ ಸವರಿಕೊಂಡು, "ನನ್ನ ಕೈಯಾಗ ಬೆಳದದ್ದು, ನನ್ನಂಗ ಆಗೇತಿ," ಅನ್ನುವನು.

ಸಪ್ಪಳ ನಿಂತರೆ ಕಂಡಕಿ ತೀರಿದೆ ಎಂದು ಅವನಿಗೆ ಗೊತ್ತು. ಅವಳು ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚುವಳು. ಕಾಣದವನು ಕಾಣದೆಯೇ ಆ ಅಂಗೈಯಲ್ಲಿ ಕಂಡಕಿ ಇಡುವನು.

*

ಜಳಕಕ್ಕೆ ಇನ್ನೂ ನೀರು ಕಾಯುತ್ತಿತ್ತು. ಸೀರೆ ಕೊಳ್ಳುವ ಸಾವುಕಾರ ಚನಮಲ್ಲಪ್ಪ ಬಂದು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕಟ್ಟೆಯ ಮೇಲೆ ಕೂತ. ರೇವಪ್ಪನ ಕೈ ಅಂದರೆ ಕೈ, ಈಚಿನ ಮೂರ್ನಾಲ್ಕು ವರ್ಷದಲ್ಲಂತೂ ದಡಿಯ ಅಂಚು ಕತ್ತಿಯ ಅಲಗಿನ ಹಾಗೆ ಬರುತ್ತಿತ್ತು, ಕಣ್ಣು ಸ್ವಲ್ಪ ಮಂಕಾಗಿದ್ದರೂ ಎಂಥ ಕೆಲಸ ಎಂದು ಹೇಳಿಕೊಂಡು ಪೇಚಾಡಿದ. ಶಿವಗಂಗವ್ವ ಒಳಗಿನಿಂದ ಕೇಳಿಸಿಕೊಂಡಳು. ಗೋಡೆಗೆ ಒರಗಿದವನ ಕಡೆ ನೋಡಿದಳು. ಇದ್ದಿದ್ದರೆ ತುಟಿ ಮುಚ್ಚಿಕೊಂಡು ಹೊಟ್ಟೆ ಕುಣಿಸಿ ನಗುತ್ತಿದ್ದ.

ತಂಗೆವ್ವ ಬಂದು ಮಗ್ಗುಲಲ್ಲಿ ಕೂತು ಕಿವಿಯ ಹತ್ತಿರ ಬಗ್ಗಿದಳು.

"ಒಂದ್ ಹನಿ ಕಣ್ಣೀರ ಹಾಕವಾ ನಮ್ಮವ್ವಾ. ಮಂದಿ ನೋಡಾಕತ್ತಾರ. ಟಾಕೀಜದಾಗ ಆಕಿ ನೋಡು, ಗಂಡನ ಮ್ಯಾಲೆ ಬಿದ್ದು ಹೆಂಗ ಹೊಳ್ಳ್ಯಾಡಿದ್ಲು."

"ಆಕಿ ಹೊಳ್ಳ್ಯಾಡಿದ್ಲು, ಖರೆ. ಮುಂಜಾನೆದ್ದು ಕಸಾ ಹೊಡದ್ಲೇನು ಕೇಳು."

ತಂಗೆವ್ವ ಬಾಯಿಗೆ ಸೆರಗು ಇಟ್ಟುಕೊಂಡಳು, ಅಳುವುದಕ್ಕೋ ನಗುವುದಕ್ಕೋ ಅವಳಿಗೇ ತಿಳಿಯಲಿಲ್ಲ.

ಹಿತ್ತಲಲ್ಲಿ ಕಂಬಳಿ ಮರೆ ಕಟ್ಟಿ, ಮಣೆಯ ಮೇಲೆ ಕೂಡಿಸಿ, ರೇವಪ್ಪನಿಗೆ ನೀರು ಹಾಕಿದರು. ಮೊದಲ ತಂಬಿಗೆ ಹೆಂಡತಿಯದು. ಅವಳು ಹಾಕಿ ಪಕ್ಕಕ್ಕೆ ನಿಂತಳು. ಗಿರಿಮಲ್ಲಪ್ಪ ತಮ್ಮನ ಮೈ ತಿಕ್ಕುತ್ತ ತಿಕ್ಕುತ್ತ ಎಡಗೈ ಹಿಡಿದವನು ತಿಕ್ಕುವುದು ಬಿಟ್ಟ. ತೋರುಬೆರಳನ್ನು ಬೆಳಕಿಗೆ ತಿರುಗಿಸಿದ. ಬೆರಳಿನ ಒಳಮಗ್ಗುಲಲ್ಲಿ ನೂಲು ಕೊರೆದ ಗೆರೆ, ದಡ್ಡುಗಟ್ಟಿ ಕಪ್ಪಾದದ್ದು. ಅವನ ಅವ್ವನ ಬೆರಳಿಗಿತ್ತು ಅದು. ಹೆಂಡತಿಯ ಬೆರಳಿಗಿದೆ. ಓಣಿಯ ಎಲ್ಲಾ ಹೆಂಗಸರ ಎಡಗೈಗೂ ಇದೆ. ಬಲಗೈ ರಾಟಿ ತಿರುಗಿಸುವಾಗ ಎಡಗೈಯ ಬೆರಳ ಮೇಲೆ ನೂಲು ಓಡಿ ಓಡಿ ಬೀಳುವ ಗೆರೆ. ಲಾಳಿ ಹೊಡೆಯುವ ಗಂಡಸಿನ ಕೈಗೆ ಅದು ಬೀಳುವುದಿಲ್ಲ.

ಅವನು ಉಳಿದವರನ್ನು ಇನ್ನೆರಡು ಕೊಡ ನೀರಿಗೆ ಕಳಿಸಿ, ಅವಳ ಕಡೆ ನೋಡದೆ ಕೇಳಿದ.

"ಎಷ್ಟ ದಿನದಿಂದ?"

"ಮಿರಜಿಗೆ ಹೋಗಿ ಬಂದಾಗಿಂದ್ರಿ."

"ಅಂದ್ರ ಬಾಗಲಾ ಹಾಕ್ಕೊಂಡ ನೀ ನೇಯತಿದ್ದಿ. ಇಂವ..." ಬೆರಳನ್ನು ಮೆಲ್ಲಗೆ ಮಡಚಿ ಮುಷ್ಟಿಯೊಳಗೆ ಸೇರಿಸಿದ. "ಆತು. ಇದು ನಮ್ಮಿಬ್ಬರಾಗ ಇರಲಿ. ನನ್ನ ತಮ್ಮ ಗಂಡಸಾಗಿ ಬಾಳ್ಯಾನು, ಗಂಡಸಾಗಿ ಮಣ್ಣಿಗೆ ಹೋಗ್ಲಿ. ನೀ ಆ ಸೀರಿ ಕೊಯ್ಯಾಕ ಹೂಂ ಅನ್ನು. ಮಗ್ಗಾ ನಾ ಒಯ್ತೀನಿ. ಯಾರಿಗೂ ಏನೂ ಗೊತ್ತಾಗೂದಿಲ್ಲ."

ತಮ್ಮನ ಮಾನಕ್ಕಾಗಿಯೇ ಬೇಡುತ್ತಿದ್ದ. ಅವಳು ತಂಬಿಗೆ ತುಂಬಿ ಗಂಡನ ಹೆಗಲ ಮೇಲೆ ನೀರು ಸುರಿದಳು.

*

ಕಣ್ಣು ಹೋಗುವ ಚೆಲುವನ ಆಟ ಹೋದ ವರ್ಷ ಮತ್ತೆ ಬಂದಿತ್ತು. ಹಣಮಂತ ಮನೆ ಮುಂದೆಯೇ ಟಾಂಗಾ ನಿಲ್ಲಿಸಿ ತುತೂರಿ ಊದಿದ್ದ. ಶಿವಗಂಗವ್ವ ಓಣಿಯ ಹೆಂಗಸರ ಕೂಡ ಹೋದಳು. ಅದೇ ಕುದುರೆ, ಅದೇ ಕೆರೆ, ಅದೇ ಚಂದ್ರ. ಈ ಸಲ ಅವಳಿಗೆ ಮೊದಲಿನಿಂದಲೇ ಯಾಕೋ ಆಕಳಿಕೆ ಬಂತು. ಇವನಿಗೆ ಉದ್ಯೋಗ ಏನು? ಇವಳ ಮನೆಯಲ್ಲಿ ಒಲೆ ಹಚ್ಚುವವರು ಯಾರು? ಚೆಲುವನ ಕಣ್ಣು ಹೋದವು. ಅವನು ಕೈ ಚಾಚಿಕೊಂಡು ತಡವರಿಸುತ್ತ ಬಂದ. ನಾಯಕಿ ಕಂಬಕ್ಕೆ ಒರಗಿ ಹಾಡಲು ಸುರು ಮಾಡಿದಳು. ಅವನು ಮೆಟ್ಟಿಲು ಎಡವಿ ಬಿದ್ದ. ಅವಳು ಹಾಡು ನಿಲ್ಲಿಸಲಿಲ್ಲ.

"ಏ, ಹಾಡ ಆಮ್ಯಾಲೆ ಹಾಡಬೇ," ಅಂದಳು ಶಿವಗಂಗವ್ವ ಗಟ್ಟಿಯಾಗಿ. "ಮೊದಲ ಅವನ ಕೈ ಹಿಡಿ. ಬಚ್ಚಲಾ ಎಲ್ಲೈತಿ ತೋರಿಸು."

ಸುತ್ತಲಿನವರು ಶ್ ಅಂದರು. ಗಂಡಸರ ಕಡೆಯಿಂದ ಯಾರೋ ಸಿಳ್ಳೆ ಹೊಡೆದರು. ಅವಳು ಸುಮ್ಮನಾಗಲಿಲ್ಲ.

"ಕಣ್ಣೀರ ಹಾಕಿದ್ರ ಕಣ್ಣ ಬರ್ತಿದ್ರ ನಮ್ಮ ಮನಿಯಾಗ ಒಂದ್ ಹಂಡೇ ತುಂಬ ಐತಿ, ಬಂದ ಒಯ್ರಿ."

ಸೆರಗು ಝಾಡಿಸಿಕೊಂಡು ಎದ್ದು, ಪರದೆಯ ಮುಂದೆಯೇ ಹಾದು ಹೊರಗೆ ಬಂದಳು. ಗಳಿಗೆ ಹೊತ್ತು ಚೆಲುವನ ಮುಖದ ಮೇಲೆ ಅವಳ ನೆರಳು ಬಿದ್ದಿತ್ತು. ಆಮೇಲೆ ಡೇರೆಯ ಕಡೆ ಅವಳು ಹಾಯಲಿಲ್ಲ.

ಮನೆಗೆ ಬಂದಾಗ ರೇವಪ್ಪ ದೀಪ ಹಚ್ಚದೆ ಕತ್ತಲಲ್ಲಿ ಕೂತು ರಾಟಿ ತಿರುಗಿಸುತ್ತಿದ್ದ. ದೀಪದ ಹಂಗು ಅವನಿಗಿರಲಿಲ್ಲ. ಇಷ್ಟು ಲಗೂನ ಆಟ ಬಿಟ್ಟಿತೇನು ಅಂದ. ಅವಳು ಬಾಗಿಲು ಹಾಕಲು ಹೋದವಳು ಅಗಳಿಯ ಮೇಲೆ ಕೈಯಿಟ್ಟು ನಿಂತಳು. ತೆಗೆದೇ ಇಡಲೇನು ಅನ್ನಿಸಿತು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಯಾರೋ ಕೆಮ್ಮಿದರು. ಅವಳ ಕೈ ತಾನಾಗಿಯೇ ಅಗಳಿ ಸರಿಸಿತು.

*

ಜಳಕವಾದ ರೇವಪ್ಪನಿಗೆ ವಿಭೂತಿ ಹಚ್ಚಿ, ಶುಭ್ರ ಧೋತರ ಸುತ್ತಿ, ಕೊರಳಿಗೆ ಲಿಂಗ ಕಟ್ಟಿ ಮತ್ತೆ ಪಡಸಾಲೆಗೆ ತಂದು ಕೂಡಿಸಿದರು. ಹೊರಗೆ ಬಿದಿರಿನ ವಿಮಾನ ಸಿದ್ಧವಾಗಿತ್ತು. ಭಜನೆಯವರು ತಾಳ ತಟ್ಟಿ ನೋಡುತ್ತಿದ್ದರು. ಗಿರಿಮಲ್ಲಪ್ಪ ಅವಳ ಕಡೆ ಒಮ್ಮೆ ನೋಡಿ ಮಗನಿಗೆ ಸನ್ನೆ ಮಾಡಿದ. ಹಣಮಂತ ಕತ್ತರಿ ಎತ್ತಿಕೊಂಡ.

"ಹಣಮಂತಾ, ಆ ಸೀರಿ ನೇದಾಕಿ ನಾನ," ಅಂದಳು ಶಿವಗಂಗವ್ವ. ಕಟ್ಟೆಯವರೆಗೂ ಕೇಳಿಸಿತು. "ನಿಮ್ಮ ಕಾಕಾ ಕಂಡಕಿ ಸುತ್ಯಾರ."

ಭಜನೆಯವನ ತಾಳ ನಿಂತಿತು. ಗಿರಿಮಲ್ಲಪ್ಪ ಕಣ್ಣು ಮುಚ್ಚಿಕೊಂಡ. ಎಲ್ಲೋ ಹಿಂದೆ ಒಬ್ಬ ಮೂಗಿನಲ್ಲಿ ನಕ್ಕ.

"ಚಿಗವ್ವಾ," ಅಂದ ಹಣಮಂತ, ಅವನ ಮುಖ ಸಣ್ಣದಾಗಿತ್ತು. "ಹೆಣದ ಮುಂದ ನಿಂತು ಕಾಕಾನ ಮಾನಾ ಯಾಕ ಕಳೀತಿ?"

"ಮಾನಾ ಕಳದಾಕಿ ನಾ ಖರೆ, ಇವತ್ತಲ್ಲ. ಬಾಗಲಾ ಹಾಕಿ ಕುಂತಿದ್ನೆಲ್ಲಾ, ಅಷ್ಟೂ ದಿನ ಕಳದೀನಿ. ಅವರು ತಗೀ ಅಂದಿದ್ರು." ಅವಳು ಗಂಡನ ಎಡಗೈಯ ಮುಷ್ಟಿ ಬಿಡಿಸಿ ಆ ಬೆರಳನ್ನು ಹೊರಗೆ ತೆಗೆದಳು. "ನೋಡ್ರಿ ಯಾರ್ಯಾರ ನೋಡಾವ್ರದೀರಿ. ನಿನ್ನ ಸಿನೇಮಾದಾಂವ ಚಂದ್ರನ್ನ ತಂದ ಕೊಡ್ತೀನಂತಾನ, ಮೂರ ತಾಸ ಹಾಡ್ತಾನ, ತಂದದ್ದಂತೂ ನಾ ನೋಡಿಲ್ಲ. ಇವರು ಹಾಡಲಿಲ್ಲ. ಕುಣಿಯಿಂದ ಮ್ಯಾಲ ಬಂದು, ತಾವು ಕುಂತ ಜಾಗಾ ನನಗ ಬಿಟ್ಟಕೊಟ್ರು. ನೇಕಾರ ಅದನ್ನ ಯಾರಿಗೆ ಬಿಡ್ತಾನ, ನೀವ ಹೇಳ್ರಿ."

ಚನಮಲ್ಲಪ್ಪ ಕಟ್ಟೆಯಿಂದ ಎದ್ದು ಒಳಗೆ ಬಂದ. ಹೆಣಕ್ಕೆ ಕೈಮುಗಿದು, ಮಗ್ಗದ ಹತ್ತಿರ ಹೋಗಿ, ಸೀರೆಯ ದಡಿಯನ್ನು ಹೆಬ್ಬೆರಳಿನಿಂದ ಸವರಿ, ತಿರುವಿ ನೋಡಿದ.

"ಮುಧೋಳಕ್ಕ ಕಳಿಸಿದ್ದು, ಆ ನೇರಳೀ ಬಣ್ಣದ್ದು?"

"ನಾನರಿ."

"ಯುಗಾದಿಗೆ ಕೊಟ್ಟಿದ್ದ ಜೋಡಿ?"

"ಅವೂ."

ಸಾವುಕಾರ ಇನ್ನೂ ಒಂದು ಸಲ ದಡಿ ಸವರಿದ. ಟೊಪ್ಪಿಗೆ ತಲೆಗಿಟ್ಟುಕೊಂಡ.

"ಇದು ಬೀಳಗಿಯವರ ಮದಿವಿ ಸೀರಿ. ತಡಾ ಆದ್ರ ನಾ ಅವರಿಗೆ ಮಾರಿ ತೋರ್ಸಂಗಿಲ್ಲ," ಅಂದ. "ಯಾವಾಗ ಕೊಡ್ತಿ?"

"ಇವತ್ತ ಕುಣಿಗೆ ಇಳೀತೀನ್ರಿ."

ಇವತ್ತೇ ಹೇಗೆ, ಸೂತಕ ಅಲ್ಲವೇ ಎಂದು ಯಾರೋ ಮುದುಕಿ ಗೊಣಗಿದಳು. ಬಿಲ್ವಪತ್ರಿ ಆರಿಸುತ್ತಿದ್ದ ಜಂಗಮ ಅಯ್ಯನವರು ತಲೆಯೆತ್ತದೆ, ಲಿಂಗ ಕಟ್ಟಿದವರಿಗೆ ಸೂತಕ ಎಲ್ಲಿಯದು ಎಂದರು.

ಗಿರಿಮಲ್ಲಪ್ಪ ಮಗನ ಕೈಯಿಂದ ಕತ್ತರಿ ಇಸಿದುಕೊಂಡು ಹೊರಗೆ ಹೋಗಿ, ವಿಮಾನಕ್ಕೆ ಕಟ್ಟಿದ ಚೆಂಡುಹೂವಿನ ಸರದ ಹೆಚ್ಚಿನ ದಾರವನ್ನು ಕತ್ತರಿಸಿದ. ಹಣಮಂತ ಕಾಕಾನ ಕಾಲು ಹಿಡಿದುಕೊಂಡು ಅತ್ತ. ಮೂಗು ಸುರಿಸಿಕೊಂಡು, ಮುಖ ಕೆಡಿಸಿಕೊಂಡು, ಟಾಕೀಜಿನಲ್ಲಿ ಯಾರೂ ಅಳದ ಹಾಗೆ ಅತ್ತ. ಶಿವಗಂಗವ್ವ ಅವನ ಬೆನ್ನ ಮೇಲೆ ಕೈಯಿಟ್ಟಳು.

ಪೇಟೆಯಲ್ಲಿ ವಿಮಾನ ಹೋಗುವಾಗ ಕೆಲವರು ನೋಡಿ ಪಿಸುಗುಟ್ಟಿದರು. ಸುದ್ದಿ ಹೆಣಕ್ಕಿಂತ ಮುಂದೆ ಓಡಿತ್ತು. ರೇವಪ್ಪ ವಿಮಾನದಲ್ಲಿ ಬಿಳಿಯ ಧೋತರದಲ್ಲೇ ಕೂತು ಹೋದ. ಎಡಗೈ ತೊಡೆಯ ಮೇಲೆ ತೆರೆದೇ ಇತ್ತು, ಅದನ್ನು ಮತ್ತೆ ಯಾರೂ ಮಡಚಿರಲಿಲ್ಲ.

ಮಣ್ಣು ಕೊಟ್ಟು ಬಂದಾಗ ಹೊತ್ತು ಮುಳುಗಲು ಇನ್ನೂ ವೇಳೆಯಿತ್ತು. ಮೈತೊಳೆದುಕೊಂಡು, ದೀಪ ನೋಡಿ, ಮಂದಿ ಕಟ್ಟೆಯ ಮೇಲೆ ಕೂತರು. ಶಿವಗಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿಗೆ ಕಾಲು ಇಳಿಬಿಟ್ಟಳು. ತಂಗೆವ್ವ ಅವಸರದಲ್ಲಿ ಹೋಗಿ ಬಾಗಿಲಿನ ಒಂದು ಪಡಿ ಮುಚ್ಚಿದಳು, ಇನ್ನೊಂದಕ್ಕೆ ಕೈ ಹಾಕಿದಳು.

"ತಗದಿರಲಿ ಯಕ್ಕಾ," ಅಂದಳು ಶಿವಗಂಗವ್ವ. "ಗಾಳಿ ಬರತೈತಿ."

ಬಾಗಿಲು ತೆರೆಯಿತು. ಓಣಿಯ ಬೆಳಕು ನೇರವಾಗಿ ಹಾಸಿನ ಮೇಲೆ ಬಿತ್ತು. ಲಾಳಿಯಲ್ಲಿದ್ದ ಕಂಡಕಿ ಕೆಲವು ಪೆಟ್ಟಿಗೆ ತೀರಿತು. ಸಪ್ಪಳ ನಿಂತಿತು. ಅವಳ ಕೈ ತಿರುಗಿ ನೋಡದೆ ಹಿಂದಕ್ಕೆ ಹೋಯಿತು. ಗಾಳಿಯಲ್ಲಿ ಅಂಗೈ ತೆರೆದು ನಿಂತಿತು.

ಕಟ್ಟೆಯ ಮೇಲಿನವರು ಬೇರೆ ಕಡೆ ನೋಡಿದರು.

ಅವಳು ಕೈಯನ್ನು ನಿಧಾನಕ್ಕೆ ಕೆಳಗಿಳಿಸಿ ಮಗ್ಗುಲಿನ ಬುಟ್ಟಿ ತಡಕಿದಳು. ಜ್ವರ ಬರುವ ಮೊದಲು ಅವನು ಸುತ್ತಿಟ್ಟವು ಒಂದಿಷ್ಟಿದ್ದವು. ಒಂದನ್ನು ಲಾಳಿಗೆ ಹಾಕಿ ಹೊಡೆದಳು. ಲಾಳಿ ಅರ್ಧ ದಾರಿ ಓಡಿ, ಗಕ್ಕನೆ ನಿಂತಿತು. ಎತ್ತಿ ನೋಡಿದರೆ ಕಂಡಕಿ ನಡುವೆ ಉಬ್ಬಿ, ಹೊಟ್ಟೆ ಬಿಟ್ಟುಕೊಂಡು ಕೂತಿತ್ತು.

"ಎಷ್ಟ ಸಲಾ ಹೇಳೀನ್ರಿ ನಿಮಗ," ಎಂದು ಅವಳು ರಾಟಿಯ ಕಡೆ ತಿರುಗಿ ಒದರಿದಳು, ಓಣಿಗೆಲ್ಲ ಕೇಳುವ ಹಾಗೆ. "ಹೊಟ್ಟಿ ಬಿಡಬ್ಯಾಡ್ರಿ ಅದಕ್ಕ ಅಂತ."

ಉಬ್ಬಿದಷ್ಟು ನೂಲನ್ನು ಸುತ್ತು ಸುತ್ತಾಗಿ ಬಿಚ್ಚಿ ತನ್ನ ತೋರುಬೆರಳಿಗೆ ಸುತ್ತಿಕೊಂಡಳು. ಕಂಡಕಿ ತೆಳ್ಳಗಾಯಿತು. ಮತ್ತೆ ಲಾಳಿಗೆ ಹಾಕಿದಳು. ಬೆರಳ ತುಂಬ ಹಸಿರು ನೂಲು ಹಾಗೇ ಇರುವಾಗಲೇ, ಮಗ್ಗದ ಸಪ್ಪಳ ಓಣಿಗೆ ಹೊರಟಿತು.